ಹೆಂಗಸರ ಮತದಿಂದಲೇ ಸ್ಪೇನ್‌ನ ಗಣರಾಜ್ಯ ಸೋತಿತೇ? ಕ್ಲಾರಾ ಕಾಂಪೊಆಮೊರ್ ಬಗ್ಗೆ ಒಂದು ಉತ್ತರ

ಪ್ರಶ್ನೆ: ಸ್ಪೇನ್‌ನಲ್ಲಿ 1931ರಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಕೊಡಿಸಿದವರು ಕ್ಲಾರಾ ಕಾಂಪೊಆಮೊರ್ ಎಂದು ಓದಿದೆ. ಸಂಸತ್ತಿನಲ್ಲಿ ಅವರನ್ನು ವಿರೋಧಿಸಿದ್ದು ಇನ್ನೊಬ್ಬ ಮಹಿಳಾ ಸದಸ್ಯೆಯೇ ಅಂತೆ. ಎರಡು ವರ್ಷದ ಮೇಲೆ ಹೆಂಗಸರು ಮತ ಹಾಕಿದಾಗ ಬಲಪಂಥ ಗೆದ್ದಿತು, ಕ್ಲಾರಾ ಅವರೇ ಸೋತರು ಎಂದೂ ಇದೆ. ಇದೆಲ್ಲ ನಿಜವೇ? ಆ ಸೋಲಿಗೆ ಹೆಂಗಸರ ಮತವೇ ಕಾರಣವೇ? ಆಮೇಲೆ ಅವರ ಗತಿ ಏನಾಯಿತು?

ಉತ್ತರ: ನೀವು ಓದಿದ ಘಟನೆಗಳೆಲ್ಲ ನಡೆದದ್ದೇ. ಅವುಗಳನ್ನು ಒಂದರ ಹಿಂದೊಂದು ಪೋಣಿಸಿ "ಅದಕ್ಕೇ ಹೀಗಾಯಿತು" ಎನ್ನುವಲ್ಲಿ ಮಾತ್ರ ಎಡವಟ್ಟಿದೆ. 1933ರ ಸೋಲಿಗೆ ದೊಡ್ಡ ಕಾರಣ ಚುನಾವಣಾ ಕಾನೂನಿನ ಲೆಕ್ಕಾಚಾರ ಮತ್ತು ಆ ಲೆಕ್ಕಾಚಾರ ಗೊತ್ತಿದ್ದೂ ಎಡಪಕ್ಷಗಳು ಬೇರೆ ಬೇರೆಯಾಗಿ ಸ್ಪರ್ಧಿಸಿದ್ದು. ಹೆಂಗಸರ ಮೇಲೆ ಹೊರೆ ಹೊರಿಸುವುದು ಸೋತ ನಾಯಕರಿಗೆ ಸುಲಭದ ದಾರಿಯಾಗಿತ್ತು, ಅಷ್ಟೆ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಕ್ಲಾರಾ ಎಂಥ ಮನೆಯಿಂದ ಬಂದವರು ಎಂಬುದು ಗೊತ್ತಿಲ್ಲದೆ ಅವರ ಹಟ ಅರ್ಥವಾಗುವುದಿಲ್ಲ.

ಅವರು ಹುಟ್ಟಿದ್ದು 1888ರ ಫೆಬ್ರುವರಿ 12ರಂದು, ಮ್ಯಾಡ್ರಿಡ್‌ನ ಮರವಿಲ್ಯಾಸ್ ಬಡಾವಣೆಯಲ್ಲಿ. ತಂದೆ ಒಂದು ಪತ್ರಿಕೆಯ ಕಚೇರಿಯಲ್ಲಿ ಲೆಕ್ಕ ಬರೆಯುವವರು, ತಾಯಿ ಹೊಲಿಗೆಯವರು. ಹುಡುಗಿಗೆ ಹತ್ತರ ವಯಸ್ಸಾಗಿದ್ದಾಗ ತಂದೆ ತೀರಿಕೊಂಡರು. ಶಾಲೆ ಬಿಟ್ಟು ತಾಯಿಯ ಜೊತೆ ಹೊಲಿಗೆ, ಅಂಗಡಿಯಲ್ಲಿ ಕೆಲಸ, ಟೆಲಿಫೋನ್ ಆಪರೇಟರ್, ಹೀಗೆ ಸಿಕ್ಕಿದ ಕೆಲಸವೆಲ್ಲ ಮಾಡಿದರು. 1909ರಲ್ಲಿ ಪರೀಕ್ಷೆ ಬರೆದು ಸರ್ಕಾರದ ತಂತಿ ಇಲಾಖೆಯಲ್ಲಿ ಸಹಾಯಕಿಯಾದರು. ಮೊದಲು ಸರಗೋಸಾ, ಆಮೇಲೆ ಕೆಲವು ವರ್ಷ ಸಾನ್ ಸೆಬಾಸ್ಟಿಯನ್. 1914ರಲ್ಲಿ ಇನ್ನೊಂದು ಸ್ಪರ್ಧಾ ಪರೀಕ್ಷೆ; ಮೊದಲ ಸ್ಥಾನ ಬಂತು, ಮ್ಯಾಡ್ರಿಡ್‌ಗೆ ಮರಳಿ ವಯಸ್ಕರ ಶಾಲೆಯಲ್ಲಿ ಟೈಪಿಂಗ್ ಮತ್ತು ಶೀಘ್ರಲಿಪಿ ಕಲಿಸುವ ಕೆಲಸ ಸಿಕ್ಕಿತು. ಅದಕ್ಕಿಂತ ಮೇಲಿನ ಪಾಠ ಹೇಳುವ ಹಾಗಿರಲಿಲ್ಲ, ಕೈಯಲ್ಲಿ ಪ್ರೌಢಶಿಕ್ಷಣದ ಸರ್ಟಿಫಿಕೇಟೇ ಇರಲಿಲ್ಲವಲ್ಲ. ಜೊತೆಗೆ ಒಂದು ಪತ್ರಿಕೆಯ ಸಂಪಾದಕರಿಗೆ ಕಾರ್ಯದರ್ಶಿಯಾಗಿಯೂ ದುಡಿಯುತ್ತಿದ್ದರು.

ಮೂವತ್ತು ದಾಟಿದ ಮೇಲೆ ಬಿಟ್ಟುಹೋದ ಓದನ್ನು ಎತ್ತಿಕೊಂಡರು. ಪ್ರೌಢಶಿಕ್ಷಣ ಮುಗಿಸಿ, ಬೆನ್ನಿಗೇ ಕಾನೂನು ಓದಿ, 1924ರ ಕೊನೆಯಲ್ಲಿ ಪದವಿ ಪಡೆದಾಗ ಅವರಿಗೆ 36 ವರ್ಷ. 1925ರಲ್ಲಿ ಮ್ಯಾಡ್ರಿಡ್‌ನ ವಕೀಲರ ಸಂಘಕ್ಕೆ ಸೇರಿದರು. ಅದೇ ವರ್ಷ, ಅವರಿಗಿಂತ ಸ್ವಲ್ಪ ಮುಂಚೆ, ಅಲ್ಲಿಗೆ ಸೇರಿದ ಇನ್ನೊಬ್ಬ ವಕೀಲೆ ವಿಕ್ಟೋರಿಯಾ ಕೆಂಟ್. ಈ ಹೆಸರು ನೆನಪಿಟ್ಟುಕೊಳ್ಳಿ.

ಆ ಕಾಲದ ಸ್ಪೇನ್‌ನಲ್ಲಿ ವಕೀಲೆಯಾಗುವುದೆಂದರೆ ತನ್ನನ್ನೇ ಕಟ್ಟಿಹಾಕಿದ ಕಾನೂನನ್ನು ದಿನವೂ ಓದುವುದು. 1889ರ ನಾಗರಿಕ ಸಂಹಿತೆಯ 57ನೇ ವಿಧಿ ಗಂಡ ಹೆಂಡತಿಯನ್ನು ಕಾಪಾಡಬೇಕು, ಹೆಂಡತಿ ಗಂಡನ ಮಾತು ಕೇಳಬೇಕು ಎಂದು ನೇರವಾಗಿಯೇ ಹೇಳುತ್ತಿತ್ತು. ಗಂಡನ ಅನುಮತಿ ಇಲ್ಲದೆ ವಿವಾಹಿತೆ ಆಸ್ತಿ ಮಾರುವ ಹಾಗಿರಲಿಲ್ಲ. ವಿಚ್ಛೇದನ ಎಂಬುದೇ ಇರಲಿಲ್ಲ. ಸರ್ವಾಧಿಕಾರಿ ಪ್ರಿಮೊ ದೆ ರಿವೇರಾ 1924ರಲ್ಲಿ ಹೆಂಗಸರಿಗೂ ಪುರಸಭೆಗಳಲ್ಲಿ ಮತ ಎಂದು ಕಾಗದದ ಮೇಲೆ ಬರೆದಿದ್ದ. ಆದರೆ ಗಂಡನ ಅಧೀನದಲ್ಲಿದ್ದವರಿಗೆ ಅದೂ ಇಲ್ಲ, ಮೇಲಾಗಿ ಆ ಚುನಾವಣೆಗಳು ನಡೆಯಲೇ ಇಲ್ಲ. 1928ರಲ್ಲಿ ಬೇರೆ ಯುರೋಪಿಯನ್ ದೇಶಗಳ ವಕೀಲೆಯರ ಜೊತೆ ಸೇರಿ ಕ್ಲಾರಾ ಪ್ಯಾರಿಸ್‌ನಲ್ಲಿ ಮಹಿಳಾ ಕಾನೂನು ವೃತ್ತಿಪರರ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದರು. 1930ರ ಡಿಸೆಂಬರಿನಲ್ಲಿ ರಾಜಪ್ರಭುತ್ವದ ವಿರುದ್ಧ ನಡೆದ ದಂಗೆ ವಿಫಲವಾದಾಗ ಸಾನ್ ಸೆಬಾಸ್ಟಿಯನ್‌ನಲ್ಲಿ ಸಿಕ್ಕಿಬಿದ್ದವರ ಪರ ವಕಾಲತ್ತು ವಹಿಸಿದರು. ಆರೋಪಿಗಳಲ್ಲಿ ಅವರ ತಮ್ಮ ಇಗ್ನಾಸಿಯೊ ಕೂಡ ಇದ್ದ.

1931ರ ಏಪ್ರಿಲ್ 14ರಂದು ದೊರೆ ಹೋದ, ಗಣರಾಜ್ಯ ಬಂತು. ಮೇ 8ರ ಸುಗ್ರೀವಾಜ್ಞೆ ಒಂದು ವಿಚಿತ್ರ ಅರ್ಧ ಬಾಗಿಲು ತೆರೆಯಿತು: ಹೆಂಗಸರು (ಮತ್ತು ಪಾದ್ರಿಗಳು) ಚುನಾವಣೆಗೆ ನಿಲ್ಲಬಹುದು, ಆದರೆ ಹೆಂಗಸರು ಮತ ಹಾಕುವ ಹಾಗಿಲ್ಲ. ಮತದಾರರ ವಯಸ್ಸು 23ಕ್ಕೆ ಇಳಿಯಿತು, ಗಂಡಸರಿಗೆ ಮಾತ್ರ. ಹಾಗಾಗಿ ಜೂನ್ 28ರ ಚುನಾವಣೆಯಲ್ಲಿ ಗೆದ್ದ ಇಬ್ಬರು ಮಹಿಳೆಯರನ್ನು ಆರಿಸಿದ್ದು ಬರೀ ಗಂಡಸರು. ಮ್ಯಾಡ್ರಿಡ್ ಪ್ರಾಂತ್ಯದಿಂದ ಕ್ಲಾರಾ, ಅದೇ ಪ್ರಾಂತ್ಯದಿಂದ ವಿಕ್ಟೋರಿಯಾ ಕೆಂಟ್. ಮೂರನೆಯವರಾದ ಸಮಾಜವಾದಿ ಮಾರ್ಗರೀಟಾ ನೆಲ್ಕೆನ್ ಉಪಚುನಾವಣೆಯಲ್ಲಿ ಗೆದ್ದು ಬಂದರು, ಮತದಾನದ ಚರ್ಚೆ ಮುಗಿದ ಮೇಲೆ.

ಪಕ್ಷದ ವಿಷಯ ಇಲ್ಲೇ ಹೇಳಬೇಕು, ಮುಂದಿನ ಕಷ್ಟಕ್ಕೆಲ್ಲ ಬೇರು ಅಲ್ಲಿದೆ. ಕ್ಲಾರಾ ಮೊದಲು ಇದ್ದದ್ದು ಮುಂದೆ ಪ್ರಧಾನಿಯಾದ ಮನುಯೆಲ್ ಅಸಾನ್ಯಾ ಅವರ ರಿಪಬ್ಲಿಕನ್ ಆಕ್ಷನ್ ಗುಂಪಿನಲ್ಲಿ. ಟಿಕೆಟ್ ಸಿಕ್ಕಿದ್ದು ಅಲೆಹಾಂದ್ರೊ ಲೆರೂ ಅವರ ರ್‍ಯಾಡಿಕಲ್ ಪಕ್ಷದಿಂದ. ಹೆಸರು ರ್‍ಯಾಡಿಕಲ್ ಆದರೂ ಆಗಲೇ ಅದು ಮಧ್ಯದಿಂದ ಬಲಕ್ಕೆ ಸರಿಯುತ್ತಿದ್ದ, ಗಾಳಿ ಬಂದಾಗ ತೂರಿಕೊಳ್ಳುವ ಪಕ್ಷ. ಚರ್ಚಿನ ವಿರೋಧದಲ್ಲಿ ಮಾತ್ರ ಹಳೆಯ ಬಿಸಿ ಉಳಿದಿತ್ತು.

ಸಂವಿಧಾನದ ಕರಡಿಗೆ ಕೊರ್ತೆಸ್, ಅಂದರೆ ಸ್ಪೇನ್‌ನ ಸಂಸತ್ತು, 21 ಮಂದಿಯ ಸಮಿತಿ ನೇಮಿಸಿತು. ಅಧ್ಯಕ್ಷರು ಸಮಾಜವಾದಿ ಕಾನೂನು ಪ್ರಾಧ್ಯಾಪಕ ಲೂಯಿಸ್ ಹಿಮೆನೆಸ್ ದೆ ಅಸುವಾ. ಇದ್ದ ಒಬ್ಬಳೇ ಹೆಂಗಸು ಕ್ಲಾರಾ. ಮೊದಲ ಜಗಳ ಒಂದೇ ಪದದ ಮೇಲೆ. ಕರಡಿನಲ್ಲಿ ಸ್ತ್ರೀಪುರುಷರ ಸಮಾನ ಹಕ್ಕನ್ನು "ತಾತ್ವಿಕವಾಗಿ" ಒಪ್ಪಲಾಗಿದೆ ಎಂದಿತ್ತು. ಕಾನೂನು ಓದಿದವರಿಗೆ ಗೊತ್ತು, ತಾತ್ವಿಕವಾಗಿ ಒಪ್ಪಿದ್ದೇವೆ ಎಂದರೆ ಸದ್ಯಕ್ಕೆ ಕೊಡುವುದಿಲ್ಲ ಎಂದರ್ಥ. ಕ್ಲಾರಾ ಭಿನ್ನಮತ ದಾಖಲಿಸಿ ಪಟ್ಟು ಹಿಡಿದರು. ಕೊನೆಗೆ 25ನೇ ವಿಧಿಯಲ್ಲಿ ಹುಟ್ಟು, ವರ್ಗ, ಸಂಪತ್ತು, ರಾಜಕೀಯ ವಿಚಾರ, ಧರ್ಮ ಇವುಗಳ ಸಾಲಿನಲ್ಲೇ ಲಿಂಗವೂ ಸೇರಿತು. ಇವು ಯಾವುವೂ ಕಾನೂನಿನ ಸವಲತ್ತಿಗೆ ಆಧಾರವಾಗುವ ಹಾಗಿಲ್ಲ ಎಂದಾಯಿತು. ಆ ವರ್ಷದ ಸೆಪ್ಟೆಂಬರ್ 1ರಂದು ಅವರು ಸದನದಲ್ಲಿ ಎದ್ದು ಮಾತಾಡಿದಾಗ, ಸ್ಪೇನ್‌ನ ಸಂಸತ್ತಿನಲ್ಲಿ ಭಾಷಣ ಮಾಡಿದ ಮೊದಲ ಮಹಿಳೆ ಅವರೇ.

ಮತದಾನದ ವಿಧಿಗೆ ಬಂದಾಗ ವಿರೋಧ ಎರಡು ಬಗೆಯದು. ಒಂದು ಬರೀ ಒರಟುತನ. ಗಲೀಷಿಯಾದ ಸದಸ್ಯರಾಗಿದ್ದ ವೈದ್ಯ ನೊವೋವಾ ಸಾಂತೋಸ್ ಹೆಂಗಸಿನ ದೇಹರಚನೆಯೇ ಹಿಸ್ಟೀರಿಯಾ ಎಂದು ವೈದ್ಯಶಾಸ್ತ್ರದ ಹೆಸರಿನಲ್ಲಿ ವಾದಿಸಿದರು. ಫೆಡರಲ್ ಗುಂಪಿನ ಇಲಾರಿಯೊ ಅಯೂಸೊ ಗಂಡಸಿಗೆ 23ಕ್ಕೆ, ಹೆಂಗಸಿಗೆ 45ಕ್ಕೆ ಮತ ಎಂಬ ತಿದ್ದುಪಡಿ ತಂದರು; ಸದನ ನಕ್ಕಿತು. ಇಂಥ ವಿರೋಧಿಗಳಿಂದ ಕ್ಲಾರಾಗೆ ಅನುಕೂಲವೇ ಆಯಿತು.

ಅಪಾಯ ಇದ್ದದ್ದು ಎರಡನೇ ಬಗೆಯಲ್ಲಿ. "ನಾವು ತತ್ವಕ್ಕೆ ವಿರೋಧಿಗಳಲ್ಲ. ಆದರೆ ಹಳ್ಳಿಯ ಹೆಂಗಸು ಪಾದ್ರಿ ಹೇಳಿದವರಿಗೆ ಮತ ಹಾಕುತ್ತಾಳೆ. ಈಗ ಕೊಟ್ಟರೆ ಗಣರಾಜ್ಯ ಬಿದ್ದುಹೋಗುತ್ತದೆ. ಆಮೇಲೆ ಕೊಡೋಣ" ಎನ್ನುವವರು. ಇವರಲ್ಲಿ ಮುಂದೆ ನಿಂತದ್ದು ಕ್ಲಾರಾ ಅವರ ಸ್ವಂತ ಪಕ್ಷ. ಸೆಪ್ಟೆಂಬರ್ 30ರಂದು ರ್‍ಯಾಡಿಕಲ್ ಸದಸ್ಯ ಗೆರ್ರಾ ದೆಲ್ ರಿಯೊ ತಂದ ತಿದ್ದುಪಡಿ ಮೇಲುನೋಟಕ್ಕೆ ಸಾಧು: ಹೆಂಗಸರ ಮತದ ವಿಷಯವನ್ನು ಮುಂದಿನ ಚುನಾವಣಾ ಕಾನೂನಿಗೆ ಬಿಡೋಣ.

ಇದರ ಒಳಗುಟ್ಟು ಬಿಡಿಸಿ ಹೇಳಬೇಕು. ಚುನಾವಣಾ ಕಾನೂನನ್ನು ಯಾವ ಸರ್ಕಾರ ಬೇಕಾದರೂ ಸಾದಾ ಬಹುಮತದಿಂದ ತಿದ್ದಬಹುದು. ಸಂವಿಧಾನ ಹಾಗಲ್ಲ. ಮುಂದೆ ಅಂಗೀಕಾರವಾದ 125ನೇ ವಿಧಿಯ ಪ್ರಕಾರ ಮೊದಲ ನಾಲ್ಕು ವರ್ಷ ಯಾವ ಬದಲಾವಣೆಗೂ ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಬೇಕು, ಆಮೇಲೆ ಒಟ್ಟು ಸದಸ್ಯರ ಅರ್ಧಕ್ಕಿಂತ ಹೆಚ್ಚು. ಅದಕ್ಕೂ ಮಿಗಿಲಾಗಿ, ತಿದ್ದುಪಡಿ ಬೇಕು ಎಂದು ತೀರ್ಮಾನವಾದ ಕ್ಷಣವೇ ಸದನ ತಾನಾಗಿ ವಿಸರ್ಜನೆಯಾಗಿ ಹೊಸ ಚುನಾವಣೆ ನಡೆಯಬೇಕು. ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟು ಹೆಂಗಸರ ಮತ ಕಿತ್ತುಕೊಳ್ಳಲು ಯಾವ ಸದಸ್ಯ ಮುಂದೆ ಬರುತ್ತಾನೆ? ಅಂದರೆ ಹಕ್ಕು ಸಂವಿಧಾನದ ಒಳಗೆ ಕೂತರೆ ಬೀಗ ಬಿದ್ದಂತೆ, ಕಾನೂನಿಗೆ ಬಿಟ್ಟರೆ ಕದ ಮುಂದೆ ಮಾಡಿದಂತೆ. ಕ್ಲಾರಾ ಹೋರಾಡಿದ್ದು ಈ ಬೀಗಕ್ಕೆ. ಅವತ್ತು ತಿದ್ದುಪಡಿ 93ಕ್ಕೆ 153 ಮತಗಳಿಂದ ಬಿದ್ದುಹೋಯಿತು.

ಮರುದಿನ, ಅಕ್ಟೋಬರ್ 1. ವಿಕ್ಟೋರಿಯಾ ಕೆಂಟ್ ಎದ್ದು ನಿಂತರು. ಆಗ ಅವರು ಕಾರಾಗೃಹಗಳ ಮಹಾನಿರ್ದೇಶಕಿ, ರ್‍ಯಾಡಿಕಲ್ ಸೋಷಲಿಸ್ಟ್ ಪಕ್ಷದವರು (ಇದು ಲೆರೂ ಅವರ ಪಕ್ಷವಲ್ಲ, ಬೇರೆಯದು). ಅವರನ್ನು "ಹೆಂಗಸರ ಮತದ ವಿರೋಧಿ" ಎಂದು ಬರೆಯುವುದು ತಪ್ಪು. ಅವರು ಕೇಳಿದ್ದು ಮುಂದೂಡಿಕೆ. ಹೆಣ್ಣಿಗೆ ಸಾಮರ್ಥ್ಯವಿಲ್ಲ ಎಂದಲ್ಲ, ಗಣರಾಜ್ಯಕ್ಕೆ ಇದು ಸಮಯವಲ್ಲ. ಕೆಲವು ವರ್ಷ ಶಾಲೆಗಳು ನಡೆದು, ಗಣರಾಜ್ಯ ಏನು ಕೊಟ್ಟಿತು ಎಂದು ಹೆಂಗಸರು ಕಣ್ಣಾರೆ ಕಂಡ ಮೇಲೆ ಕೊಡೋಣ ಎಂಬುದು ಅವರ ವಾದ. ಹಾಗೆ ಹೇಳುವುದು ತಮಗೇ ನೋವಿನ ಕೆಲಸ ಎಂಬುದನ್ನೂ ಅವರು ಮರೆಮಾಚಲಿಲ್ಲ.

ಕ್ಲಾರಾ ಕೊಟ್ಟ ಉತ್ತರ ಭಾವುಕ ಭಾಷಣ ಎಂದು ಹಲವರು ಭಾವಿಸಿದ್ದಾರೆ. ನಡಾವಳಿ ಓದಿ ನೋಡಿದರೆ ಅದು ವಕೀಲರ ಪಾಟೀಸವಾಲು. ಹೆಂಗಸರು ಅಕ್ಷರ ಬಾರದವರು, ಅದಕ್ಕೇ ತಡೆಯಬೇಕು ಎಂದಿರಲ್ಲ, ಅಂಕಿಅಂಶ ನೋಡೋಣ ಎಂದು ಕಾಗದ ಬಿಚ್ಚಿದರು: 1860ರಿಂದ 1910ರ ನಡುವೆ ಅನಕ್ಷರಸ್ಥ ಗಂಡಸರ ಸಂಖ್ಯೆ 73,082ರಷ್ಟು ಏರಿದೆ, ಅನಕ್ಷರಸ್ಥ ಹೆಂಗಸರದು 48,098ರಷ್ಟು ಇಳಿದಿದೆ. ಜನಸಂಖ್ಯೆಯ ಪ್ರಮಾಣದಲ್ಲಿ ನೋಡಿದರೆ ಗಂಡಸರ ಅನಕ್ಷರತೆ ಇಳಿದದ್ದು ಶೇ 12.7, ಹೆಂಗಸರದು ಶೇ 20.2. ಅಕ್ಷರವೇ ಅಳತೆಗೋಲಾದರೆ ಓದಲು ಬಾರದ ಗಂಡಸಿನ ಮತ ಯಾಕೆ ಉಳಿಯಬೇಕು? ಇನ್ನು ಸಿದ್ಧತೆಯ ಮಾತು. ಸ್ವಾತಂತ್ರ್ಯಕ್ಕೆ ಮಾಗುವ ದಾರಿ ಒಂದೇ, ಅದರೊಳಗೆ ನಡೆಯುವುದು ಎಂದು ಜರ್ಮನ್ ಚಿಂತಕ ಹುಂಬೋಲ್ಟ್ ಹೇಳಿದ್ದನ್ನು ನೆನಪಿಸಿದರು. ಹೆಂಗಸರು ತೆರಿಗೆ ಕಟ್ಟುತ್ತಾರೆ, ನೀವು ಮಾಡಿದ ಕಾನೂನು ಅವರ ತಲೆಯ ಮೇಲೂ ಕೂರುತ್ತದೆ. ಗಣರಾಜ್ಯ ಅವರನ್ನು ಹೊರಗಿಟ್ಟರೆ ಅವರು ಇನ್ಯಾರ ಕಡೆ ನೋಡಬೇಕು?

ನನ್ನ ದೃಷ್ಟಿಯಲ್ಲಿ ಅವರ ವಾದದ ಗಟ್ಟಿತನ ಕೊನೆಯ ಈ ಮಾತಿನಲ್ಲಿದೆ. ಪಾದ್ರಿಯ ಪ್ರಭಾವ ಇಲ್ಲ ಎಂದು ಅವರು ಸಾಧಿಸಲು ಹೋಗಲಿಲ್ಲ. ಪ್ರಭಾವ ಇದ್ದರೂ ಹಕ್ಕನ್ನು ತಡೆಹಿಡಿಯುವುದು ಅದಕ್ಕೆ ಮದ್ದಲ್ಲ ಎಂದರು.

ಹೆಸರು ಕೂಗಿ ಮತ ಎಣಿಸಲಾಯಿತು. ಪರ 161, ವಿರೋಧ 121. ಸದನದ ಬಲ 470. ಅಂದರೆ ಸುಮಾರು 188 ಮಂದಿ ಮತವನ್ನೇ ಹಾಕಲಿಲ್ಲ. ಈ ಮೂರನೇ ಸಂಖ್ಯೆಯನ್ನು ಯಾರೂ ಹೇಳುವುದಿಲ್ಲ, ಆದರೆ ಅಂದಿನ ಮುಜುಗರ ಎಷ್ಟಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಪರ ಬಿದ್ದ ಮತಗಳಲ್ಲಿ ಸುಮಾರು ಅರ್ಧ ಸಮಾಜವಾದಿಗಳದ್ದು. ಉಳಿದವು ಕೆಲವು ಸಣ್ಣ ಗಣರಾಜ್ಯವಾದಿ ಗುಂಪುಗಳು ಮತ್ತು ಬಲಪಂಥೀಯರದ್ದು. ಬಲಪಂಥ ಯಾಕೆ ಪರ? ಎಡದವರು ಯಾವ ಲೆಕ್ಕದಿಂದ ಹೆದರಿದ್ದರೋ ಅದೇ ಲೆಕ್ಕದಿಂದ ಇವರಿಗೆ ಆಸೆ. ಕ್ಲಾರಾ ಅವರ ರ್‍ಯಾಡಿಕಲ್ ಪಕ್ಷದಲ್ಲಿ ಪರ ನಿಂತವರು ಬೆರಳೆಣಿಕೆಯಷ್ಟು. ಅಸಾನ್ಯಾ ಅವರ ಗುಂಪು ವಿರೋಧ ಹಾಕಿತು. ತಮಾಷೆಯೆಂದರೆ, ಗಣರಾಜ್ಯದ ಪರ ಮತ ಹಾಕಲಾರರು ಎಂಬ ಗುಮಾನಿಯ ಮೇಲೆ ಹೆಂಗಸರಿಗೆ ಮತ ನಿರಾಕರಿಸುವುದು ಘೋರ ಅನ್ಯಾಯ, ಕ್ಲಾರಾ ಹೇಳುವುದೇ ಸರಿ ಎಂದು ಅಸಾನ್ಯಾ ತಮ್ಮ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಸಮಾಜವಾದಿ ನಾಯಕ ಇಂದಲೇಸಿಯೊ ಪ್ರಿಯೇತೊ ಮತ ಹಾಕದೆ ಹೊರನಡೆದು, ಇದು ಗಣರಾಜ್ಯದ ಬೆನ್ನಿಗೆ ಹಾಕಿದ ಚೂರಿ ಎಂದರು. ಸದನದಲ್ಲಿ ಇಬ್ಬರೇ ಹೆಂಗಸರು, ಅವರಲ್ಲೂ ಒಮ್ಮತವಿಲ್ಲ ಎಂದು ಪತ್ರಿಕೆಗಳು ಗೇಲಿ ಮಾಡಿದವು. ಉಳಿದ ನಾನೂರ ಚಿಲ್ಲರೆ ಗಂಡಸರಲ್ಲಿ ಎಷ್ಟು ಒಮ್ಮತವಿತ್ತು ಎಂದು ಕೇಳಿದವರಿಲ್ಲ.

ಬಹುತೇಕ ಬರಹಗಳು ಇಲ್ಲಿಗೆ ಮುಗಿಯುತ್ತವೆ. ಆದರೆ ಅತಿ ಹತ್ತಿರದ ಹಣಾಹಣಿ ನಡೆದದ್ದು ಎರಡು ತಿಂಗಳ ಮೇಲೆ. ಅಕ್ಟೋಬರ್ ಮಧ್ಯದಲ್ಲಿ ಚರ್ಚ್ ಮತ್ತು ಧಾರ್ಮಿಕ ಸಂಘಗಳನ್ನು ಕುರಿತ 26ನೇ ವಿಧಿ ಅಂಗೀಕಾರವಾದಾಗ ರೈತಪಕ್ಷದ ಬಲಪಂಥೀಯರೂ ಬಾಸ್ಕ್ ಸದಸ್ಯರೂ ಸಿಟ್ಟಾಗಿ ಸಂವಿಧಾನದ ಚರ್ಚೆಯನ್ನೇ ಬಿಟ್ಟು ಹೋದರು. ಕ್ಲಾರಾ ಪರ ಬಿದ್ದಿದ್ದ ಅವರ ಮತಗಳೂ ಜೊತೆಗೇ ಹೋದವು. ಡಿಸೆಂಬರ್ 1ರಂದು ಅಸಾನ್ಯಾ ಗುಂಪಿನ ಪೆನ್ಯಾಲ್ಬಾ ಒಂದು ತಾತ್ಕಾಲಿಕ ವಿಧಿ ಸೇರಿಸಲು ಹೊರಟರು: ಹೆಂಗಸರು ಮೊದಲು ಪುರಸಭೆ ಚುನಾವಣೆಗಳಲ್ಲಿ ಮತ ಹಾಕಿ ಪಳಗಲಿ, ಆಮೇಲಷ್ಟೇ ಸಂಸತ್ ಚುನಾವಣೆಗೆ ಬರಲಿ. ಮುಂಬಾಗಿಲಲ್ಲಿ ಸೋತದ್ದನ್ನು ಹಿತ್ತಿಲಿಂದ ತರುವ ಯತ್ನ. ಬಿದ್ದುಹೋದದ್ದು 127ಕ್ಕೆ 131ರಿಂದ. ನಾಲ್ಕೇ ಮತ. ಇಬ್ಬರು ಮನಸ್ಸು ಬದಲಿಸಿ ಆ ಕಡೆ ಹೋಗಿದ್ದರೆ ಸಮಸಮ. ಡಿಸೆಂಬರ್ 9ರಂದು ಸಂವಿಧಾನ ಪಾಸಾಯಿತು. 36ನೇ ವಿಧಿ 23 ದಾಟಿದ ನಾಗರಿಕರಲ್ಲಿ ಗಂಡಸರಿಗೂ ಹೆಂಗಸರಿಗೂ ಒಂದೇ ಮತದಾನದ ಹಕ್ಕು ಎಂದು ಒಂದು ವಾಕ್ಯದಲ್ಲಿ ಹೇಳಿ ಮುಗಿಸುತ್ತದೆ. 43ನೇ ವಿಧಿ ವಿಚ್ಛೇದನಕ್ಕೂ, ಮದುವೆಯ ಹೊರಗೆ ಹುಟ್ಟಿದ ಮಕ್ಕಳ ಹಕ್ಕಿಗೂ ದಾರಿ ಮಾಡಿತು. 1932ರ ಮಾರ್ಚಿನಲ್ಲಿ ವಿಚ್ಛೇದನ ಕಾನೂನು ಬಂದಾಗ ಕ್ಲಾರಾ ವಕೀಲೆಯಾಗಿ ಮೊದಮೊದಲ ಪ್ರಕರಣಗಳನ್ನು ನಡೆಸಿದರು. ಲೇಖಕಿ ಕೊಂಚಾ ಎಸ್ಪಿನಾ ಅವರದೂ ಅದರಲ್ಲಿ ಒಂದು.

ಈಗ 1933. ಮೊದಲು ಒಂದು ಸಣ್ಣ ತಿದ್ದುಪಡಿ: ಹೆಂಗಸರು ಮೊದಲು ಮತ ಹಾಕಿದ್ದು ಆ ವರ್ಷದ ಏಪ್ರಿಲ್‌ನಲ್ಲಿ, ಕೆಲವು ಪುರಸಭೆಗಳಿಗೆ ನಡೆದ ಭಾಗಶಃ ಚುನಾವಣೆಯಲ್ಲಿ. ದೇಶಾದ್ಯಂತ ಸಂಸತ್ತಿಗೆ ಹಾಕಿದ್ದು ನವೆಂಬರ್ 19ರಂದು, ಎರಡನೇ ಸುತ್ತು ಡಿಸೆಂಬರ್ 3ರಂದು. ಮತದಾರರ ಪಟ್ಟಿ ಒಂದೇ ಸಲ ದುಪ್ಪಟ್ಟು ದಾಟಿತು. ಕ್ಯಾಥೊಲಿಕ್ ಬಲಪಂಥದ ಒಕ್ಕೂಟ 'ಸೆಡಾ' 115 ಸ್ಥಾನ ಗಳಿಸಿತು, ರ್‍ಯಾಡಿಕಲ್‌ಗಳು 102. ಸಮಾಜವಾದಿಗಳು 115ರ ಆಸುಪಾಸಿನಿಂದ ಅರವತ್ತರ ಆಸುಪಾಸಿಗೆ ಕುಸಿದರು. ಎರಡು ವರ್ಷ ಪ್ರಧಾನಿಯಾಗಿದ್ದ ಅಸಾನ್ಯಾ ಅವರ ಪಕ್ಷಕ್ಕೆ ಬಂದದ್ದು ಐದು. ಅಸಾನ್ಯಾ ಗೆದ್ದದ್ದೂ ಬಿಲ್ಬಾವೊದಲ್ಲಿ ಪ್ರಿಯೇತೊ ಅವರ ಸಮಾಜವಾದಿಗಳು ತಮ್ಮ ಪಟ್ಟಿಯಲ್ಲಿ ಜಾಗ ಕೊಟ್ಟದ್ದರಿಂದ.

ಹೊಸ ಮತದಾರರು ಬಂದರು, ಹಳೆ ಸರ್ಕಾರ ಹೋಯಿತು ಎಂದು ನೋಡಿದವರಿಗೆ ಅನ್ನಿಸುವುದು ಸಹಜ. ಆದರೆ ಮತ ಸೀಟಾಗುವ ಬಗೆ ನೋಡಿ. ಒಂದು ಪ್ರಾಂತ್ಯವೇ ಒಂದು ಕ್ಷೇತ್ರ (ಮ್ಯಾಡ್ರಿಡ್‌ನಂಥ ದೊಡ್ಡ ನಗರ ಮಾತ್ರ ಬೇರೆ ಕ್ಷೇತ್ರ). ಅದಕ್ಕೆ 10 ಸ್ಥಾನ ಇದ್ದರೆ ಮತದಾರ ಬರೆಯುವುದು 8 ಹೆಸರು. ಮುಂದೆ ಇರುವ ಪಟ್ಟಿಗೆ ಎಂಟೂ ಸಿಗುತ್ತವೆ, ಎರಡನೆಯವರಿಗೆ ಉಳಿದ ಎರಡು. ಅಂತರ ಒಂದು ಲಕ್ಷವಾದರೂ ಅಷ್ಟೇ, ಒಂದು ಸಾವಿರವಾದರೂ ಅಷ್ಟೇ. ಮೂರನೆಯವರಿಗೆ ಸೊನ್ನೆ. 1933ರ ಜುಲೈ 27ರ ಕಾನೂನು ಇದಕ್ಕೆ ಇನ್ನೊಂದು ಗಂಟು ಹಾಕಿತು: ಮೊದಲ ಸುತ್ತಿನಲ್ಲಿ ಗೆಲ್ಲಲು ಶೇ 40ರ ಗಡಿ ಮುಟ್ಟಬೇಕು, ಇಲ್ಲವಾದರೆ ಎರಡನೇ ಸುತ್ತು, ಶೇ 8 ದಾಟದವರಿಗೆ ಅಲ್ಲಿ ಪ್ರವೇಶವಿಲ್ಲ. ಒಟ್ಟಿನಲ್ಲಿ ಮೈತ್ರಿ ಮಾಡಿಕೊಂಡವರಿಗೆ ಬಹುಮಾನ, ಒಬ್ಬಂಟಿಗರಿಗೆ ದಂಡ. ಈ ಕಾನೂನು ಮಾಡಿದ್ದು ಅಸಾನ್ಯಾ ಅವರ ಬಹುಮತವೇ, ತಾವೇ ದೊಡ್ಡ ಕೂಟವಾಗಿ ಉಳಿಯುತ್ತೇವೆ ಎಂದು ನಂಬಿ.

1931ರಲ್ಲಿ ಸಮಾಜವಾದಿಗಳು ಮತ್ತು ಗಣರಾಜ್ಯವಾದಿಗಳು ಒಂದೇ ಪಟ್ಟಿಯಲ್ಲಿ ನಿಂತಿದ್ದರು. ಆಗ ಬಹುಮಾನ ಅವರಿಗೆ ಸಿಕ್ಕಿತು. 1933ರಲ್ಲಿ ಸಮಾಜವಾದಿಗಳು ಬಹುತೇಕ ಕಡೆ ಒಬ್ಬರೇ ಹೋದರು. ರ್‍ಯಾಡಿಕಲ್ ಸೋಷಲಿಸ್ಟರು ಹೋಳಾಗಿದ್ದರು. ಬಲಪಂಥದವರು ಮಾತ್ರ ಒಂದಾಗಿದ್ದರು, ಹಲವೆಡೆ ಎರಡನೇ ಸುತ್ತಿನಲ್ಲಿ ರ್‍ಯಾಡಿಕಲ್‌ಗಳ ಜೊತೆಯೂ ಹೊಂದಾಣಿಕೆ ಮಾಡಿಕೊಂಡರು. ಇದರ ಮೇಲೆ ಅರಾಜಕತಾವಾದಿ ಕಾರ್ಮಿಕ ಸಂಘಟನೆ ಸಿಎನ್‌ಟಿ ಮತ ಹಾಕಬೇಡಿ ಎಂದು ಕರೆ ಕೊಟ್ಟಿತು. ಜನವರಿಯಲ್ಲಿ ಕಾದಿಸ್ ಪ್ರಾಂತ್ಯದ ಕಾಸಾಸ್ ವಿಯೇಹಾಸ್ ಹಳ್ಳಿಯಲ್ಲಿ ಸರ್ಕಾರಿ ಪಡೆಗಳು ಬಡ ರೈತರನ್ನು ಕೊಂದಿದ್ದ ಗಾಯ ಇನ್ನೂ ಹಸಿಯಾಗಿತ್ತು. ಆ ಪ್ರಾಂತ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಮತದಾರರು ಮತಗಟ್ಟೆಗೇ ಬರಲಿಲ್ಲ. ಹಾಗೆ ಬಾರದೆ ಉಳಿದ ಕೂಲಿಕಾರ ಗಂಡಸರ ಮತ ಕಳೆದದ್ದು ಎಡಕ್ಕೆ, ಅದರಲ್ಲಿ ಯಾವ ಪಾದ್ರಿಯ ಕೈಯೂ ಇಲ್ಲ.

ಮತ ಗುಟ್ಟಾಗಿದ್ದುದರಿಂದ ಹೆಂಗಸರು ಯಾರಿಗೆ ಹಾಕಿದರು ಎಂದು ಬೇರೆಯಾಗಿ ಎಣಿಸಿದ ಪಟ್ಟಿ ಎಲ್ಲೂ ಇಲ್ಲ. ಹಾಗಾಗಿ "ಹೆಂಗಸರು ಬಲಕ್ಕೆ ಹಾಕಿದರು" ಎಂದು ಖಡಾಖಂಡಿತವಾಗಿ ಹೇಳುವವರು ಊಹೆಯನ್ನೇ ಲೆಕ್ಕ ಎನ್ನುತ್ತಿದ್ದಾರೆ. ಹೆಂಗಸರ ಮತದಿಂದ ಬಲಪಂಥಕ್ಕೆ ಏನೂ ಲಾಭವಾಗಲಿಲ್ಲ ಎಂದು ನಾನೂ ಹೇಳುವುದಿಲ್ಲ. ಹಳೆಯ ಕಾಸ್ಟೀಲ್‌ನ ಭಕ್ತ ಹಳ್ಳಿಗಳಲ್ಲಿ ಆಗಿರಬಹುದು. ಆದರೆ ಎರಡು ಸಂಗತಿ ಅಡ್ಡ ಬರುತ್ತವೆ. ಮ್ಯಾಡ್ರಿಡ್ ನಗರ ಕ್ಷೇತ್ರದಲ್ಲಿ 17 ಸ್ಥಾನ, 13 ಬಹುಮತದ ಪಟ್ಟಿಗೆ. 1933ರಲ್ಲಿ, ಅಷ್ಟೂ ಹೆಂಗಸರು ಮತ ಹಾಕಿಯೇ, ಆ 13ನ್ನು ಎರಡನೇ ಸುತ್ತಿನಲ್ಲಿ ಗೆದ್ದದ್ದು ಸಮಾಜವಾದಿಗಳು. ಇನ್ನೊಂದು 1936ರ ಫೆಬ್ರುವರಿ 16. ಅದೇ ಹೆಂಗಸರು, ಅದೇ 1933ರ ಕಾನೂನು, ಅವೇ ಚರ್ಚುಗಳು. ಈ ಸಲ ಎಡ ಒಂದಾಗಿ ಪಾಪ್ಯುಲರ್ ಫ್ರಂಟ್ ಕಟ್ಟಿತು, ಸಿಎನ್‌ಟಿ ಬಹಿಷ್ಕಾರದ ಗದ್ದಲ ಮಾಡಲಿಲ್ಲ. ಎರಡೂ ಕಡೆಯ ಮತಗಳ ಅಂತರ ತೀರಾ ಕಿರಿದು, ಆದರೂ ಸ್ಥಾನಗಳಲ್ಲಿ ಪಾಪ್ಯುಲರ್ ಫ್ರಂಟ್‌ಗೆ ನಿಚ್ಚಳ ಬಹುಮತ. 1933ರಲ್ಲಿ ಹೆಂಗಸರು ಗಣರಾಜ್ಯವನ್ನು ಮುಳುಗಿಸಿದ್ದು ನಿಜವಾದರೆ 1936ರಲ್ಲಿ ಅದನ್ನು ಎತ್ತಿದವರೂ ಅವರೇ ಎನ್ನಬೇಕಾಗುತ್ತದೆ. ಅದನ್ನು ಮಾತ್ರ ಯಾರೂ ಹೇಳಲಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. 1933ರಲ್ಲಿ ಕ್ಲಾರಾ ಸೋತರು, ವಿಕ್ಟೋರಿಯಾ ಕೆಂಟ್ ಕೂಡ ಸೋತರು. ಮತ ಕೇಳಿದವರೂ ಮುಂದೂಡಿ ಎಂದವರೂ ಒಟ್ಟಿಗೇ ಮನೆಗೆ. ಲೆರೂ ಸರ್ಕಾರ ಕ್ಲಾರಾ ಅವರಿಗೆ ಸಾರ್ವಜನಿಕ ಪರೋಪಕಾರ ಇಲಾಖೆಯ ಮಹಾನಿರ್ದೇಶಕಿ ಹುದ್ದೆ ಕೊಟ್ಟಿತು. ಅನಾಥಾಲಯ, ಧರ್ಮಾಸ್ಪತ್ರೆಗಳ ಉಸ್ತುವಾರಿ. ಆದರೆ ಸರ್ಕಾರ ಸೆಡಾ ಜೊತೆ ಕೈಜೋಡಿಸಿ 1934ರ ಅಕ್ಟೋಬರಿನಲ್ಲಿ ಆಸ್ಟೂರಿಯಾಸ್‌ನ ಗಣಿ ಕಾರ್ಮಿಕರ ದಂಗೆಯನ್ನು ಸೇನೆ ಬಳಸಿ ಹತ್ತಿಕ್ಕಿತು. ಅಲ್ಲಿನ ಓವಿಯೆದೊ ನಗರಕ್ಕೆ ಹೋಗಿ ತಂದೆತಾಯಿ ಕಳೆದುಕೊಂಡ ಮಕ್ಕಳ ಸ್ಥಿತಿ ನೋಡಿ ಬಂದ ಕ್ಲಾರಾ ಹುದ್ದೆ ಬಿಟ್ಟರು, 1935ರ ಆರಂಭದಲ್ಲಿ ಪಕ್ಷವನ್ನೂ ಬಿಟ್ಟರು.

ಆಮೇಲೆ ಅಸಾನ್ಯಾ ಹೊಸದಾಗಿ ಕಟ್ಟಿದ್ದ ರಿಪಬ್ಲಿಕನ್ ಲೆಫ್ಟ್ ಪಕ್ಷಕ್ಕೆ ಸೇರಲು ಅರ್ಜಿ ಹಾಕಿದರು. ಸದಸ್ಯರು ಮತಕ್ಕೆ ಹಾಕಿದರು: ಬೇಡ ಎಂದವರು 183, ಇರಲಿ ಎಂದವರು 68. ಅರ್ಜಿ ತಿರಸ್ಕೃತವಾಯಿತು. ತಮ್ಮದೇ ಮಹಿಳಾ ಗಣರಾಜ್ಯ ಒಕ್ಕೂಟದ ಹೆಸರಿನಲ್ಲಿ ಪಾಪ್ಯುಲರ್ ಫ್ರಂಟ್‌ನಲ್ಲಿ ಜಾಗ ಕೇಳಿದರು, ಅದೂ ಸಿಗಲಿಲ್ಲ. 1936ರಲ್ಲಿ ಕೆಂಟ್ ಮತ್ತೆ ಸದನಕ್ಕೆ ಬಂದರು, ಹಾಏನ್ ಪ್ರಾಂತ್ಯದಿಂದ, ಅದೇ ರಿಪಬ್ಲಿಕನ್ ಲೆಫ್ಟ್ ಟಿಕೆಟ್‌ನಲ್ಲಿ. ಕ್ಲಾರಾ ಹೊರಗೇ ಉಳಿದರು. ಆ ವರ್ಷ ಹೊರತಂದ ತಮ್ಮ ಪುಸ್ತಕದ ಹೆಸರಿನಲ್ಲೇ ಹೆಂಗಸರ ಮತವನ್ನು 'ನನ್ನ ಮಹಾಪಾಪ' ಎಂದು ಕುಟುಕಿದರು. ಬಲಪಂಥ ಅವರನ್ನು ಎಂದೂ ತನ್ನವರೆಂದುಕೊಳ್ಳಲಿಲ್ಲ, ಎಡ ಕ್ಷಮಿಸಲಿಲ್ಲ. ಒಂದು ತಪ್ಪನ್ನು ಅವರ ಲೆಕ್ಕಕ್ಕೂ ಬರೆಯಬೇಕು ಅನ್ನಿಸುತ್ತದೆ: ಲೆರೂ ಪಕ್ಷದಲ್ಲಿ ಅಷ್ಟು ದಿನ ಉಳಿದದ್ದು, ಅದೂ 1931ರಲ್ಲಿ ಆ ಪಕ್ಷ ಸದನದಲ್ಲೇ ಕೈಬಿಟ್ಟ ಮೇಲೆ.

1936ರ ಜುಲೈನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಮ್ಯಾಡ್ರಿಡ್‌ನ ಬೀದಿಗಳಲ್ಲಿ ವಿಚಾರಣೆಯಿಲ್ಲದ ಕೊಲೆಗಳು ನಡೆಯುತ್ತಿದ್ದಾಗ, ಸೆಪ್ಟೆಂಬರಿನಲ್ಲಿ, ಮುದಿ ತಾಯಿಯನ್ನೂ ಸೋದರ ಸೊಸೆಯನ್ನೂ ಕರೆದುಕೊಂಡು ಅಲಿಕಾಂತೆ ಬಂದರಿಗೆ ಹೋಗಿ ಜಿನೋವಾಗೆ ಹೊರಟಿದ್ದ ಜರ್ಮನ್ ಹಡಗು ಹತ್ತಿದರು. ಅಲ್ಲಿಂದ ಸ್ವಿಟ್ಜರ್ಲೆಂಡಿನ ಲೊಸಾನ್, ಗೆಳತಿ ವಕೀಲೆ ಆಂಟ್ವಾನೆಟ್ ಕಿನ್ಶ್ ಅವರ ಮನೆ. ಕೆಲ ಕಾಲದ ನಂತರ ಬ್ಯೂನಸ್ ಐರಿಸ್. ಅಲ್ಲಿ 1955ರವರೆಗೆ ಅನುವಾದ, ಉಪನ್ಯಾಸ, ಜೀವನಚರಿತ್ರೆಗಳ ಬರವಣಿಗೆ, ಇವೇ ಜೀವನೋಪಾಯ.

ಊರಿಗೆ ಮರಳುವ ಯತ್ನ ಮಾಡದೆ ಇರಲಿಲ್ಲ. ಅಂತರ್ಯುದ್ಧ ಗೆದ್ದ ಸರ್ವಾಧಿಕಾರಿ ಫ್ರಾಂಕೊ ಆಡಳಿತ 1940ರಲ್ಲಿ ಫ್ರೀಮೇಸನ್ ಎಂಬ ಗುಪ್ತ ಸಂಘದವರನ್ನು ಹತ್ತಿಕ್ಕಲು ತಂದ ಕಾನೂನಿನ ಅಡಿ ಅವರ ಮೇಲೆ ಪ್ರಕರಣವಿತ್ತು. ಮರಳಿದರೆ ಎರಡೇ ದಾರಿ: 12 ವರ್ಷ ಜೈಲು, ಇಲ್ಲವೇ ಜೊತೆಯವರ ಹೆಸರು ಹೇಳಿ ಬಿಡುಗಡೆ. ಎರಡನ್ನೂ ಒಲ್ಲೆ ಎಂದು 1955ರಲ್ಲಿ ಲೊಸಾನ್‌ಗೆ ಹೋಗಿ, ಕಣ್ಣು ಮಂಜಾಗುವವರೆಗೆ ಕಿನ್ಶ್ ಅವರ ಕಚೇರಿಯಲ್ಲಿ ಕೆಲಸ ಮಾಡಿದರು. ಕಿನ್ಶ್ ಕೂಡ ಹೆಂಗಸರ ಮತಕ್ಕಾಗಿ ಹೋರಾಡುತ್ತಿದ್ದವರೇ. ಸ್ವಿಟ್ಜರ್ಲೆಂಡ್ ಇಡೀ ದೇಶದ ಮಟ್ಟದಲ್ಲಿ ಹೆಂಗಸರಿಗೆ ಮತ ಕೊಟ್ಟದ್ದು 1971ರ ಫೆಬ್ರುವರಿಯಲ್ಲಿ, ಕ್ಲಾರಾ ತಮ್ಮ ದೇಶದಲ್ಲಿ ಅದನ್ನು ಗೆದ್ದು ನಲವತ್ತು ವರ್ಷವಾಗುತ್ತಿದ್ದಾಗ. ಆ ಹೊತ್ತಿಗೆ ಸ್ಪೇನ್‌ನಲ್ಲಿ ಗಂಡಸಾಗಲಿ ಹೆಂಗಸಾಗಲಿ ಮುಕ್ತವಾಗಿ ಮತ ಹಾಕುವ ಸಂಸತ್ ಚುನಾವಣೆಯೇ ಇರಲಿಲ್ಲ. ಅದು ಮತ್ತೆ ಬಂದದ್ದು 1977ರ ಜೂನ್ 15ರಂದು.

ಕ್ಲಾರಾ 1972ರ ಏಪ್ರಿಲ್ 30ರಂದು ಲೊಸಾನ್‌ನಲ್ಲಿ ತೀರಿಕೊಂಡರು, 84ರ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ. ಚಿತಾಭಸ್ಮ ಸಾನ್ ಸೆಬಾಸ್ಟಿಯನ್‌ನ ಪೊಲ್ಯೋಎ ಸ್ಮಶಾನದಲ್ಲಿದೆ, ಪರಿಚಿತರ ಕುಟುಂಬವೊಂದರ ಸಮಾಧಿಯೊಳಗೆ. ಈಗ ಮ್ಯಾಡ್ರಿಡ್‌ನ ಉತ್ತರದ ದೊಡ್ಡ ರೈಲು ನಿಲ್ದಾಣ ಚಮಾರ್ತಿನ್‌ಗೆ ಅವರ ಹೆಸರಿದೆ. ಅಕ್ಟೋಬರ್ 1ರ ಚರ್ಚೆಯನ್ನು ಮೂಲದಲ್ಲೇ ಓದುವ ಆಸೆಯಿದ್ದರೆ ಸ್ಪೇನ್ ಸಂಸತ್ತು ತನ್ನ ಹಳೆಯ ನಡಾವಳಿಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದೆ. 1931ರ ಅಕ್ಟೋಬರ್ 1ರ ಜೊತೆಗೆ ಡಿಸೆಂಬರ್ 1ರ ಸಂಚಿಕೆಯನ್ನೂ ತೆಗೆದು ನೋಡಿ. ಆ ನಾಲ್ಕು ಮತಗಳ ಕಥೆ ಅದರಲ್ಲಿದೆ.